ಮಡಿಲ ಬಾಳೆಹಣ್ಣು

ಪ್ರಶ್ನೆ: ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯರು ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡುವ ಪ್ರಸಂಗವನ್ನು ನಮಗೆ ಕಾಲೇಜಿನಲ್ಲಿ ‘ಆಚಾರ್ಯರ ಪತನ’ ಎಂದೇ ಪಾಠ ಮಾಡಿದ್ದರು. ಅದು ಅಷ್ಟೇನಾ? ಚಂದ್ರಿ ಅವರನ್ನು ಮರುಳು ಮಾಡಿದಳೇ?

ಉತ್ತರ: ಇಲ್ಲ, ನನಗೆ ಹಾಗನ್ನಿಸುವುದಿಲ್ಲ. ಆ ಪುಟಗಳನ್ನು ಇನ್ನೊಮ್ಮೆ ತೆಗೆದು ಓದಿ. ಈ ಸಲ ಯಾರು ಯಾರನ್ನು ಮುಟ್ಟಿದರು ಎಂಬುದನ್ನು ಪಕ್ಕಕ್ಕಿಟ್ಟು, ಯಾರ ಹೊಟ್ಟೆಯಲ್ಲಿ ಏನಿತ್ತು ಎಂದು ನೋಡುತ್ತ ಓದಿ.

ದೂರ್ವಾಸಪುರದ ಅಗ್ರಹಾರದಲ್ಲಿ, ಚಂದ್ರಿಯನ್ನು ಇಟ್ಟುಕೊಂಡಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣ ಸುಡುವ ತನಕ ಅಗ್ರಹಾರದವರು ಉಣ್ಣುವಂತಿಲ್ಲ. ಯಾರು ಸುಡಬೇಕೆಂಬುದು ತೀರ್ಮಾನವಾಗುತ್ತಿಲ್ಲ. ಆಚಾರ್ಯರು ಗ್ರಂಥಗಳನ್ನೆಲ್ಲ ತಿರುವಿ ಹಾಕಿ, ಕೊನೆಗೆ ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳುತ್ತ ದಿನವಿಡೀ ಕೂರುತ್ತಾರೆ. ಬಲಗಡೆಯ ಹೂವೂ ಬೀಳುವುದಿಲ್ಲ, ಎಡಗಡೆಯದೂ ಬೀಳುವುದಿಲ್ಲ. ನಂಬಿದ್ದ ಶಾಸ್ತ್ರ, ನಂಬಿದ್ದ ದೇವರು ಎರಡೂ ಬಾಯಿ ಮುಚ್ಚಿಕೊಂಡ ಮೇಲೆ ಕತ್ತಲಿಗೆ ಕಾಲಿಡುವ ಮನುಷ್ಯ ಎಂಥ ಒಂಟಿ, ಯೋಚಿಸಿ. ಚಂದ್ರಿಯ ಒಂಟಿತನ ಬೇರೆ ಥರದ್ದು. ಬಾಳಿಸಿದ ಗಂಡಸು ಹೆಣವಾಗಿದ್ದಾನೆ. ಶವಸಂಸ್ಕಾರದ ಖರ್ಚಿಗೆಂದು ಅವಳು ತೆಗೆದಿಟ್ಟ ಬಂಗಾರದ ಮೇಲೆ ಊರವರ ಕಣ್ಣು ಬಿದ್ದಿದೆ, ಅವಳ ದುಃಖದ ಮೇಲೆ ಬಿದ್ದಿಲ್ಲ.

ಅವಳು ಕಾಡಿನಲ್ಲಿ ಆಚಾರ್ಯರ ಕಾಲಿಗೆ ಬೀಳುವುದು ತನ್ನಿಂದಾಗಿ ಇವರು ಉಪವಾಸ ಬಿದ್ದರಲ್ಲ ಎಂಬ ಮರುಕದಿಂದ. ಇಂಥ ಪುಣ್ಯಪುರುಷನಿಂದ ಬಸಿರಾಗಬೇಕೆಂಬ, ತಾಯಿಯಿಂದ ಬಂದ ಆಸೆಯೂ ಅವಳೊಳಗೆ ಇದೆ. ಕಾದಂಬರಿಕಾರ ಅನಂತಮೂರ್ತಿ ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಅವಳನ್ನು ಬಾಗಿಸಿದ್ದು ಕರುಣೆ. ಆಚಾರ್ಯರು ಕೈ ಚಾಚುವುದೂ ಆಶೀರ್ವದಿಸಲೆಂದೇ. ಬೆರಳಿಗೆ ಅವಳ ಬಿಸಿಯುಸಿರು, ಕಣ್ಣೀರು ತಾಗುತ್ತದೆ, ಆಶೀರ್ವಾದದ ಸಂಸ್ಕೃತ ಗಂಟಲಲ್ಲೇ ನಿಲ್ಲುತ್ತದೆ. ಎಲ್ಲದಕ್ಕೂ ಶ್ಲೋಕ ಇಟ್ಟುಕೊಂಡಿದ್ದವರ ಬಾಯಿಂದ ಕಡೆಗೆ ಹೊರಡುವುದು ಹಸಿದ ಮಗುವಿನಂತೆ ಅಮ್ಮನನ್ನು ಕರೆಯುವ ಕೂಗು. ಅದಕ್ಕೆ ಚಂದ್ರಿ ಮಾಡುವುದೇನು? ಅವರನ್ನು ಎದೆಗೊರಗಿಸಿಕೊಂಡು, ಮಡಿಲಲ್ಲಿದ್ದ ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಸೀರೆ ಹಾಸುವುದು ಆಮೇಲೆ.

ಈ ಬಾಳೆಹಣ್ಣನ್ನು ಹಾರಿಸಿ ಓದಿದರೆ ಇಡೀ ಪ್ರಸಂಗ ಕೈತಪ್ಪುತ್ತದೆ. ಕಾದಂಬರಿ ಶುರುವಾಗುವುದು ಹೇಗೆ, ನೆನಪಿಸಿಕೊಳ್ಳಿ: ಆಚಾರ್ಯರು ರೋಗಿಷ್ಠ ಹೆಂಡತಿ ಭಾಗೀರಥಿಗೆ ಮೀಯಿಸಿ, ಮಡಿ ಉಡಿಸುತ್ತಾರೆ. ಬೇಕೆಂದೇ ರೋಗಿಯನ್ನು ಮದುವೆಯಾಗಿ ಆ ಸೇವೆಯನ್ನೇ ತಪಸ್ಸೆಂದು ಹಿಡಿದವರು ಅವರು. ಇಪ್ಪತ್ತು ವರ್ಷದ ಆ ಸಂಸಾರದಲ್ಲಿ ಅಡಿಗೆ ಅವರದು, ಬಡಿಸುವುದೂ ಅವರೇ. ಅವರಿಗೆ ಒಂದು ತುತ್ತು ಇಟ್ಟವರು ಯಾರು? ಕೊಟ್ಟು ಕೊಟ್ಟು ಕೊಡುವುದರಲ್ಲೇ ದೊಡ್ಡವರಾಗಿದ್ದ ಮನುಷ್ಯ ಆ ರಾತ್ರಿ ಇನ್ನೊಬ್ಬರ ಕೈಯಿಂದ ತಿನ್ನುತ್ತಾರೆ. ಹೆಣ್ಣಿನ ಮೈ ಮುಟ್ಟಿದ್ದಕ್ಕಿಂತ ಈ ತಿಂದದ್ದೇ ಅವರನ್ನು ಹೆಚ್ಚು ಅಲ್ಲಾಡಿಸಿತೆಂದು ನನ್ನ ನಂಬಿಕೆ. ಮುಂದೆ ಮೇಳಿಗೆಯಲ್ಲಿ, ಹೆಂಡತಿ ತೀರಿದ ಸೂತಕದಲ್ಲೇ, ಅವರು ದೇವಸ್ಥಾನದ ಪಂಕ್ತಿಯಲ್ಲಿ ಕೂರುತ್ತಾರಲ್ಲ, ಆ ಹಸಿವು ಎದ್ದದ್ದು ಇಲ್ಲಿ.

ಇನ್ನೊಂದು ಗಮನಿಸಿ. ಆ ಒಂದು ಕೂಗು ಬಿಟ್ಟರೆ ಕಾಡಿನ ಆ ಪ್ರಸಂಗದಲ್ಲಿ ಮಾತೇ ಇಲ್ಲ. ಅನಂತಮೂರ್ತಿ ಈ ಕಾದಂಬರಿಯನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆಗೆಂದು ಇದ್ದಾಗ, ಪ್ರಕಟವಾದದ್ದು 1965ರಲ್ಲಿ. ಅಲ್ಲಿ ಸಬ್‌ಟೈಟಲ್ ಇಲ್ಲದೆ ನೋಡಿದ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರ ತಮ್ಮನ್ನು ಈ ಬರವಣಿಗೆಗೆ ಹಚ್ಚಿತೆಂದು ಅವರೇ ಹೇಳಿಕೊಂಡಿದ್ದಾರೆ. ಮಾತು ತಿಳಿಯದೆ ಬರೀ ಮುಖ, ನೆರಳು ನೋಡಿ ಬಂದವನ ಕಣ್ಣು ಈ ಪುಟಗಳಲ್ಲಿದೆ ಎಂದು ನನಗೆ ಪ್ರತಿ ಸಲ ಓದುವಾಗಲೂ ಅನ್ನಿಸುತ್ತದೆ. ಇಲ್ಲಂತೂ ಮುಖವೂ ಕಾಣುವುದಿಲ್ಲ.

ಮಾತು ಬರುವುದು ನಡುರಾತ್ರಿ, ಆಚಾರ್ಯರಿಗೆ ಎಚ್ಚರವಾದ ಮೇಲೆ. ತಲೆ ಚಂದ್ರಿಯ ತೊಡೆಯ ಮೇಲಿದೆ. ನಡೆದದ್ದನ್ನು ನಾಳೆ ಬ್ರಾಹ್ಮಣರೆದುರು ನೀನೇ ಹೇಳಿಬಿಡು ಎನ್ನುತ್ತಾರೆ. ಪ್ರಾಮಾಣಿಕತೆ ನಿಜ, ಆದರೆ ತಾವು ಹೊರಬೇಕಾದ ಮಾತಿನ ಭಾರವನ್ನು ಅವಳ ತಲೆಗೆ ಹೊರಿಸಿದರಲ್ಲ ಎಂದು ನನಗೆ ನೋವಾಗುತ್ತದೆ. ಇಬ್ಬರೂ ಮತ್ತೆ ಬೇರೆಯಾಗುವುದು ಅಲ್ಲೇ.

ಮರುಳು ಮಾಡಲು ಬಂದವಳಾಗಿದ್ದರೆ ಅವಳಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ. ಚಂದ್ರಿ ಬಾಯಿ ಬಿಡುವುದಿಲ್ಲ. ಆ ರಾತ್ರಿಯೇ ಮೀನು ಮಾರುವ ಅಹಮದ್ ಬ್ಯಾರಿಯ ನೆರವು ಪಡೆದು, ಗಾಡಿಯಲ್ಲಿ ಹೆಣ ಸಾಗಿಸಿ ಸುಡಿಸುತ್ತಾಳೆ. ಆಚಾರ್ಯರ ಕಾಲು ಮುಟ್ಟಿ ಹೋಗೋಣವೆಂದುಕೊಂಡವಳು ಅದನ್ನೂ ಬಿಟ್ಟು, ಕುಂದಾಪುರದ ಬಸ್ಸಿಗೆ ನಡೆಯುತ್ತಾಳೆ. ಅಗ್ರಹಾರದ ಬ್ರಾಹ್ಮಣರು ಮಾತ್ರ ಹೆಣಕ್ಕೆ ಗತಿ ಹೇಗೆಂದು ಕೇಳಿಕೊಂಡು ಊರಿಂದೂರಿಗೆ, ಮಠಕ್ಕೆ ಅಲೆಯುತ್ತಲೇ ಇರುತ್ತಾರೆ.