ಬೇಸಿಗೆಯಲ್ಲಿ ಹಚ್ಚಿಟ್ಟ ಬೆಂಕಿ

ಜುಲೈ ತಿಂಗಳು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿಗೆ ಒತ್ತಿಕೊಂಡ ಅಡಿಕೆ ತೋಟವೊಂದರ ಕಾವಲು ಗುಡಿಸಲು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬಂದ ಮೂವರು ಆಳುಗಳು ಅರ್ಧ ಕೆಲಸಕ್ಕೇ ಮಳೆಗೆ ಸಿಕ್ಕಿ ಒಳಗೆ ಬಂದಿದ್ದರು. ಅವರಲ್ಲಿ ವಯಸ್ಸಾದವರೊಬ್ಬರಿಗೆ ಹಲ್ಲು ಕಟಕಟ ಎನ್ನುವಷ್ಟು ನಡುಕ. ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ನನ್ನ ಕಾಲ ಬುಡದಲ್ಲಿ ಹನ್ನೊಂದು ಬೆಂಕಿಕಡ್ಡಿಗಳು ಸುಟ್ಟು ಬಿದ್ದಿದ್ದವು. ಒಲೆ ಮಾತ್ರ ಹತ್ತಿರಲಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಕಿಯಾಗಿ ಅದು ನನಗೆ ಗೊತ್ತಿತ್ತು. ಆದರೆ ಆ ಮಳೆಯಲ್ಲಿ ಸೌದೆ, ಕಾಗದ, ಬೆಂಕಿಪೊಟ್ಟಣದ ಪಕ್ಕದ ಗೀರುಪಟ್ಟಿ, ಒಲೆಯ ಕಲ್ಲು ಎಲ್ಲವೂ ಗಾಳಿಯಲ್ಲಿರುವ ನೀರನ್ನೇ ಕುಡಿದು ಕೂತಿರುತ್ತವೆ ಎಂಬುದು ಗೊತ್ತಿರಲಿಲ್ಲ. ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಹಚ್ಚಿದೆ, ಕರಕಲಾಗಿ ಮುದುಡಿತು. ಬಾಟಲಿಯಲ್ಲಿದ್ದ ಸೀಮೆಎಣ್ಣೆ ಸುರಿದೆ, ಭಗ್ಗೆಂದು ಎದ್ದ ಉರಿ ಎಣ್ಣೆ ಮುಗಿಯುತ್ತಿದ್ದಂತೆ ಇಳಿಯಿತು. ಮಣಿಕಟ್ಟಿನ ದಪ್ಪದ ಸೌದೆಗಳು ಮೇಲಷ್ಟೇ ಕಪ್ಪಾಗಿ, ತುದಿಯಲ್ಲಿ ನೊರೆ ಉಗುಳುತ್ತಾ ಹಾಗೇ ಮಲಗಿದ್ದವು.

ಅಷ್ಟರಲ್ಲಿ ದೊಡ್ಡಮ್ಮ ಗೊರಬು ಹೊದ್ದು ಏರಿ ಹತ್ತಿ ಬಂದರು. ಎಪ್ಪತ್ತು ದಾಟಿದ ಜೀವ. ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಏನೂ ಹೇಳದೆ ನಾನು ಪೇರಿಸಿದ್ದ ಸೌದೆಯನ್ನೆಲ್ಲ ಹೊರಗೆಳೆದರು. ಅಟ್ಟದ ಗಳುವಿನ ಸಂದಿಯಿಂದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದರು. ಒದ್ದೆ ನೆಲದ ಮೇಲೆ ಮೊದಲು ಅಡಿಕೆ ಹಾಳೆಯ ತುಂಡೊಂದನ್ನು ಹಾಸಿದರು. ಅದರ ಮೇಲೆ ತೆಂಗಿನ ನಾರನ್ನು ಹಿಂಜಿ ಹಕ್ಕಿಗೂಡಿನಂತೆ ಇಟ್ಟು, ನಡುವೆ ಕಂದು ಬಣ್ಣದ ನವಿರಾದ ತುಪ್ಪಟವನ್ನು ಒಂದು ಚಿಟಿಕೆ ಉದುರಿಸಿ, ಪಕ್ಕದಲ್ಲಿ ಹುಣಸೆಬೀಜದಷ್ಟು ರಾಳದ ಹರಳು ಕೂರಿಸಿದರು. ಒಂದೇ ಕಡ್ಡಿ. ತುಪ್ಪಟ ಮಿಂಚಿತು, ನಾರು ಹಿಡಿಯಿತು, ರಾಳ ಕರಗಿ ಹಳದಿ ಉರಿ ಎದ್ದಿತು. ಬಿದಿರಿನ ಹೆರೆ, ಆಮೇಲೆ ಕಿರುಬೆರಳಿನ ದಪ್ಪದ ಕಡ್ಡಿ, ಆಮೇಲೆ ಹೆಬ್ಬೆರಳಿನ ದಪ್ಪದ್ದು. ಊದುಗೊಳವೆಯನ್ನು ಅವರು ಮುಟ್ಟಿದ್ದು ಎರಡೇ ಸಲ.

"ಮಳೆಗಾಲದ್ ಬೆಂಕಿನ ಬ್ಯಾಸಿಗೇಲೇ ಹಚ್ಚಿಡ್ಬೇಕು ಕಣೋ" ಎಂದರು, ಟೀ ಪಾತ್ರೆ ಇಡುತ್ತಾ.

ಆ ಮಾತಿನ ಅರ್ಥ ಪೂರ್ತಿ ಇಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಕಟ್ಟಿಗೆ ಉರಿಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಉರಿಯಾಗಿ ಏಳುವುದು ಕಟ್ಟಿಗೆ ಕಾದಾಗ ಅದರಿಂದ ಹೊರಡುವ ಅನಿಲ. ಅದು ಹೊತ್ತಿಕೊಳ್ಳಬೇಕಾದರೆ ಕಟ್ಟಿಗೆಯ ಮೈ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಒಳಗೆ ನೀರಿದ್ದರೆ ಬಿಸಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಅದು ಒಣಗುವವರೆಗೆ ಕಟ್ಟಿಗೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಅಂಥ ಎರಡು ಕಿಲೋ ಸೌದೆ ಒಲೆಗಿಟ್ಟರೆ ಒಂದು ಲೀಟರ್ ನೀರನ್ನು ಮೊದಲು ಕುದಿಸಿ ಮುಗಿಸಬೇಕು, ಆಮೇಲಷ್ಟೇ ಬೆಂಕಿಯ ಮಾತು. ನೆರಳಲ್ಲಿ ಚೆನ್ನಾಗಿ ಒಣಗಿದ ಸೌದೆಯಲ್ಲಿ ನೀರಿನ ಪಾಲು ನೂರಕ್ಕೆ 20ಕ್ಕಿಂತ ಕಡಿಮೆ. ಒಂದು ಬೆಂಕಿಕಡ್ಡಿ ಕೆಲವೇ ಸೆಕೆಂಡುಗಳಲ್ಲಿ ಕೊಡುವ ಬಿಸಿ ದಪ್ಪ ಸೌದೆಗೆ ಯಾವ ಲೆಕ್ಕಕ್ಕೂ ಇಲ್ಲ. ಕೂದಲೆಳೆಯಂಥ ನಾರಿಗೆ ಅದು ಬೇಕಾದಷ್ಟಾಯಿತು, ಏಕೆಂದರೆ ಅಲ್ಲಿ ಕಾಯಬೇಕಾದ ವಸ್ತು ಕಡಿಮೆ, ಗಾಳಿಗೆ ತೆರೆದುಕೊಂಡ ಮೈ ಹೆಚ್ಚು. ನನ್ನ ತಪ್ಪು ಅಲ್ಲೇ ಇತ್ತು: ಕಡ್ಡಿಗೂ ಸೌದೆಗೂ ನಡುವೆ ಇರಬೇಕಾದ ಮೆಟ್ಟಿಲುಗಳನ್ನು ನಾನು ಕಟ್ಟಿರಲಿಲ್ಲ.

ದೊಡ್ಡಮ್ಮನ ಡಬ್ಬಿಯಲ್ಲಿದ್ದದ್ದು ಆ ಮೆಟ್ಟಿಲುಗಳೇ. ಕಂದು ತುಪ್ಪಟ ಬಗನಿ ಮರದ್ದು. ಮಲೆನಾಡಿನ ಕೆಲವೆಡೆ ಇದನ್ನು ಬೈನೆ ಎನ್ನುತ್ತಾರೆ. ಮೀನಿನ ಬಾಲದಂಥ ಎಲೆಯ ತಾಳೆ ಜಾತಿ, ಕಳ್ಳು ಇಳಿಸುವವರಿಗೂ ಆನೆಗೂ ಪ್ರಿಯವಾದದ್ದು. ಇದರ ಎಲೆತೊಟ್ಟು ಕಾಂಡವನ್ನು ಅಪ್ಪುವ ಜಾಗದಲ್ಲಿ ಬೂದಿಗಂದು ಬಣ್ಣದ ಜುಂಗು ಬೆಳೆದಿರುತ್ತದೆ. ಕತ್ತಿಯ ಬೆನ್ನಿನಿಂದ ಹೆರೆದರೆ ಹಿಡಿಗಟ್ಟಲೆ ಬರುತ್ತದೆ. ಬೆರಳಲ್ಲಿ ಹೊಸೆದರೆ ಬೆಕ್ಕಿನ ಮೈ ಸವರಿದ ಹಾಗೆ. ದೋಣಿಯ ಹಲಗೆಗಳ ಸಂದಿಗೆ ತುಂಬಲು, ಚಕಮಕಿಯ ಕಿಡಿ ಹಿಡಿಯಲು ಇದನ್ನು ಹಿಂದಿನವರು ಬಳಸುತ್ತಿದ್ದರು. ಬಗನಿ ತುದಿಯಿಂದ ಬುಡದವರೆಗೆ ಗೊನೆ ಬಿಡುತ್ತಾ ಇಳಿದು, ಕೊನೆಯ ಗೊನೆಯೊಂದಿಗೆ ಸಾಯುತ್ತದೆ. ದೊಡ್ಡಮ್ಮ ಜುಂಗು ತೆಗೆಯುವುದು ಹೀಗೆ ಸತ್ತು ಬಿದ್ದ ಮರದಿಂದ ಮಾತ್ರ.

ಬೂರುಗದ ಹತ್ತಿಯನ್ನೂ ನಾನು ಪ್ರಯತ್ನಿಸಿ ನೋಡಿದ್ದೇನೆ. ಕಣ್ಣು ಮಿಟುಕಿಸುವುದರಲ್ಲಿ ಉರಿದು ಮುಗಿಯುತ್ತದೆ, ಪಕ್ಕದ್ದನ್ನು ಹಿಡಿಸುವಷ್ಟು ಹೊತ್ತು ನಿಲ್ಲುವುದಿಲ್ಲ. ತೆಂಗಿನ ನಾರಿನೊಂದಿಗೆ ಬೆರೆಸಿದರೆ ಪರವಾಗಿಲ್ಲ.

ರಾಳದ ಕಥೆ ಬೇರೆ. ಧೂಪದ ಮರಗಳಲ್ಲಿ ಎರಡು ಬಗೆ. ಸಾಲುಧೂಪದ್ದು ತಿಳಿಬಣ್ಣದ ರಾಳ, ರಾಳಧೂಪ ಎನ್ನುವ ಇನ್ನೊಂದರದ್ದು ಕಪ್ಪು. ಗಾಯವಾದ ತೊಗಟೆಯಿಂದ ಒಸರಿ ಗಟ್ಟಿಯಾಗುವ ಇದು ನೀರನ್ನು ಹತ್ತಿರ ಸೇರಿಸುವುದಿಲ್ಲ. ಮೂರು ದಿನ ಮಳೆಯಲ್ಲಿ ನೆನೆದ ಹರಳನ್ನು ಒರೆಸಿ ಹಚ್ಚಿದರೂ ಉರಿಯುತ್ತದೆ, ಮಸಿಯೇಳುವ ದಪ್ಪ ಉರಿ, ನಿಮಿಷಗಟ್ಟಲೆ. ಮಳೆಗಾಲದಲ್ಲಿ ಇದಕ್ಕಿಂತ ನಂಬಿಕೆಯ ಸಂಗಾತಿ ಕಾಡಿನಲ್ಲಿ ನನಗೆ ಸಿಕ್ಕಿಲ್ಲ. ಆದರೆ ಇದರ ಆಸೆ ಮರಕ್ಕೆ ಕೇಡು. ಹೆಚ್ಚು ರಾಳ ಇಳಿಯಲೆಂದು ಕಾಂಡ ಕೊಚ್ಚಿ ಬುಡಕ್ಕೆ ಬೆಂಕಿ ಇಡುವ ಕೆಟ್ಟ ರೂಢಿಯೊಂದಿದೆ, ಹಾಗೆ ಬೆಂದ ಮರ ಬಹಳ ಕಾಲ ಉಳಿಯುವುದಿಲ್ಲ. ಒಲೆಗೆ ಬೇಕಾದದ್ದು ಹುಣಸೆಬೀಜದಷ್ಟು. ಬುಡದಲ್ಲಿ ತಾನಾಗಿ ಉದುರಿದ ಹರಳು ಹೆಕ್ಕಿದರೆ ಒಂದು ಮಳೆಗಾಲಕ್ಕೆ ಸಾಕು.

ಚಕಮಕಿ ಎಂದೆನಲ್ಲ, ಚಿಕ್ಕಂದಿನಲ್ಲಿ ನಾವೆಲ್ಲ ಕತ್ತಲೆಯಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಳಕು ನೋಡಿದವರೇ. ಸುಟ್ಟ ವಾಸನೆಯೂ ಬರುತ್ತಿತ್ತು. ಆದಿಮಾನವ ಹೀಗೇ ಬೆಂಕಿ ಮಾಡಿದ ಎಂದು ನಂಬಿ, ಹತ್ತಿ ಹಿಡಿದು ಗಂಟೆಗಟ್ಟಲೆ ಕೂತದ್ದೂ ಉಂಟು. ಆ ಬೆಳಕಿನಿಂದ ಏನೂ ಹೊತ್ತಿಕೊಳ್ಳುವುದಿಲ್ಲ ಎಂದು ತಿಳಿದದ್ದು ಬಹಳ ತಡವಾಗಿ. ಅದು ಕಲ್ಲಿನ ಹರಳು ಒಡೆಯುವಾಗ ಹೊಮ್ಮುವ ತಣ್ಣನೆ ಹೊಳಪು. ಬೆಂಕಿ ಹಿಡಿಸುವ ಕಿಡಿ ಕಲ್ಲಿನದಲ್ಲ, ಕಬ್ಬಿಣದ್ದು. ಗಡುಸು ಕಲ್ಲಿನ ಅಂಚು ಉಕ್ಕಿನಿಂದ ಸಣ್ಣ ಚೂರು ಹೆರೆದಾಗ, ಆ ಚೂರು ಗಾಳಿ ತಾಗಿ ಉರಿಯುತ್ತಾ ಬೀಳುತ್ತದೆ. ಕಬ್ಬಿಣ ಬರುವ ಮುಂಚೆ ಆ ಕೆಲಸ ಮಾಡುತ್ತಿದ್ದದ್ದು ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಅದಿರು.

ಇದಕ್ಕೆ ಕಣ್ಣೆದುರಿನ ಸಾಕ್ಷಿಯೂ ಇದೆ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯ ಆಲ್ಪ್ಸ್ ಪರ್ವತದಲ್ಲಿ ಮಂಜುಗಡ್ಡೆಯೊಳಗೆ ಸಿಕ್ಕ 5,000 ವರ್ಷಕ್ಕೂ ಹಳೆಯ ಮನುಷ್ಯ, ಓಟ್ಸಿ ಎಂದು ಹೆಸರಾದವನು, ಸೊಂಟದ ಚೀಲದಲ್ಲಿ ಮರದ ಮೇಲೆ ಬೆಳೆಯುವ ಒಂದು ಬಗೆಯ ಗಟ್ಟಿ ಅಣಬೆಯನ್ನು ಒಯ್ಯುತ್ತಿದ್ದ. ಅದಕ್ಕೆ ಪೈರೈಟ್ ಕಣಗಳು ಅಂಟಿದ್ದವು. ಈ ಅಣಬೆಯ ಒಳಪದರವನ್ನು ಬಡಿದು ಮೆದು ಮಾಡಿದರೆ ಒಂದೇ ಕಿಡಿ ಹಿಡಿದು, ಉರಿಯಾಗದೆ ಕೆಂಡವಾಗಿ ಹಬ್ಬುತ್ತದೆ. ಅವನ ಬಳಿ ಬರ್ಚ್ ಮರದ ತೊಗಟೆಯಿಂದ ಹೊಲಿದ ಡಬ್ಬಿಯೂ ಇತ್ತು, ಒಳಗೆ ಮೇಪಲ್ ಎಲೆಗಳು, ಎಲೆಗಳ ನಡುವೆ ಇದ್ದಿಲ ಚೂರು. ಕೆಂಡವನ್ನು ಹಸಿ ಎಲೆಯಲ್ಲಿ ಸುತ್ತಿ ಒಯ್ಯುವ ಡಬ್ಬಿ ಅದು. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ತವರಿನಲ್ಲಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಕೆದಕುತ್ತಿದ್ದರಂತೆ. ಕೆಂಡ ಆರಿಹೋದ ದಿನ ಪಕ್ಕದ ಮನೆಗೆ ತೆಂಗಿನ ಚಿಪ್ಪು ಹಿಡಿದು ಓಡಬೇಕು. ಬೆಂಕಿಪೊಟ್ಟಣ ಮನೆಯಲ್ಲಿ ಇಲ್ಲವೆಂದಲ್ಲ, ಕಡ್ಡಿ ಉಳಿಸುವುದೇ ಆಗಿನ ಸಂಸಾರದ ಕ್ರಮ.

ಯಜ್ಞಕ್ಕೆ ಬೆಂಕಿ ಕಡೆಯುವ ಮರದ ತುಂಡು, ಅರಣಿ, ಅದೂ ಮೊದಲು ಕೆಂಡ, ಆಮೇಲೆ ಉರಿ ಎಂಬ ಇದೇ ಪಾಠ ಹೇಳುತ್ತದೆ. ಬನ್ನಿಯ ಮರದ ಮೇಲೆ ಹುಟ್ಟಿದ ಅಶ್ವತ್ಥದಿಂದ ಅರಣಿ ಮಾಡಬೇಕೆನ್ನುವುದು ಶಾಸ್ತ್ರದ ಮಾತು. 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಡೆದ ಅತಿರಾತ್ರ ಯಾಗವನ್ನು ಫ್ರಿಟ್ಸ್ ಸ್ಟಾಲ್ ಮತ್ತು ರಾಬರ್ಟ್ ಗಾರ್ಡನರ್ ಚಿತ್ರೀಕರಿಸಿದರು, ಅಲ್ಲೂ ಅಗ್ನಿ ಹುಟ್ಟಿದ್ದು ಕಡೆಯುವುದರಿಂದಲೇ. ಅರಣಿ ಕಡೆದಾಗ ಮೊದಲು ಬರುವುದು ಉರಿಯಲ್ಲ, ಕಪ್ಪು ಪುಡಿ. ಮರವೇ ಸವೆದು ಆದ ಆ ಪುಡಿ ಗುಂಡಿಯಲ್ಲಿ ರಾಶಿಯಾಗಿ, ಒಳಗೊಳಗೇ ಕೆಂಪಾಗುತ್ತದೆ. ಅದನ್ನು ನಾರಿನ ಗೂಡಿಗೆ ಇಳಿಸಿ ಮೆಲ್ಲಗೆ ಊದಬೇಕು. ಇಲ್ಲಿ ಅವಸರ ಕೂಡದು. ನಾನು ಬಿಲ್ಲು ಕಟ್ಟಿ ಒಣ ಕಡ್ಡಿ ತಿರುಗಿಸಿ ಕಲಿಯಹೊರಟಾಗ ಹೊಗೆ ಕಂಡದ್ದೇ ಜೋರಾಗಿ ಊದಿದೆ, ಪುಡಿಯೆಲ್ಲ ಹಾರಿ ಹೋಯಿತು. ಕೆಂಡ ಕಣ್ಣಿಗೆ ಕಾಣುವ ಮೊದಲು ಹೊಗೆ ತಾನಾಗಿ ಏಳುತ್ತಿರಬೇಕು, ಅಲ್ಲಿಯವರೆಗೆ ಕೈ ಅಡ್ಡ ಹಿಡಿದು ಗಾಳಿ ತಪ್ಪಿಸಿದರೆ ಸಾಕು.

ಕಾಡಿನ ಒಣಸೌದೆಯ ಬಗ್ಗೆ ಕಲಿತದ್ದು ಇಷ್ಟು. ನೆಲಕ್ಕೆ ಬಿದ್ದದ್ದು ಎಷ್ಟು ಒಣಗಿದಂತೆ ಕಂಡರೂ ಬೇಡ, ನೆಲ ಅದಕ್ಕೆ ನೀರುಣಿಸುತ್ತಿರುತ್ತದೆ. ಮರದಲ್ಲೇ ಸತ್ತು ನೇತಾಡುವ ರೆಂಬೆ ಒಳ್ಳೆಯದು. ಮುರಿದಾಗ ಚಟ್ಟೆನ್ನಬೇಕು, ಬಾಗಿದರೆ ಬಿಡಬೇಕು. ಹೊರಗೆ ನೆನೆದ ಕೊರಡನ್ನು ಸೀಳಿದರೆ ಹೊಟ್ಟೆಯಲ್ಲಿ ಒಣ ಭಾಗ ಸಿಗುವುದುಂಟು, ಅದನ್ನು ಹೆರೆದರೆ ಸುರುಳಿ ಸುರುಳಿಯಾಗಿ ಬರುವ ಹೆರೆಯೇ ಸಾಕು. ಬಿದಿರನ್ನು ಸೀಳದೆ ಒಲೆಗಿಡಬಾರದು, ಗೆಣ್ಣಿನ ನಡುವಿನ ಗಾಳಿ ಹಿಗ್ಗಿ ಗುಂಡು ಹೊಡೆದಂತೆ ಸಿಡಿಯುತ್ತದೆ. ಹೊಳಗೆರೆ ಮರದ ಕಡ್ಡಿಯನ್ನು ಮುಟ್ಟಲೇಬಾರದು. ಅದರ ಸೊನೆ ತಾಗಿದ ಆಳೊಬ್ಬರ ಮೊಣಕೈ ವಾರಗಟ್ಟಲೆ ಗುಳ್ಳೆಯೆದ್ದಿದ್ದನ್ನು ನಾನು ನೋಡಿದ್ದೇನೆ.

ಇದನ್ನೆಲ್ಲ ಓದಿ ಯಾರಾದರೂ ಚಾರಣಕ್ಕೆ ಹೋದಲ್ಲಿ ಬೆಂಕಿ ಹಾಕಿದರೆ ನನಗೆ ನೋವಾಗುತ್ತದೆ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ, ಮೀಸಲು ಅರಣ್ಯಕ್ಕೂ ಕಾನೂನಿನ ಕಟ್ಟಿದೆ. ಕಾನೂನಿಗಿಂತ ಹೆಚ್ಚಾಗಿ ಕಾಡೇ ಇದಕ್ಕೆ ಕಾರಣ ಹೇಳುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸಾವಿರಾರು ಎಕರೆ ಕರಕಲಾಯಿತು. ನಾರು, ತುಪ್ಪಟ, ಹೆರೆ ಎಂದು ನಾವು ಮಳೆಗಾಲದಲ್ಲಿ ಹುಡುಕುವ ಗುಣವೆಲ್ಲ ಮಾಘ ಕಳೆದ ಮೇಲೆ ಇಡೀ ಕಾಡಿಗೇ ಬಂದಿರುತ್ತದೆ. ಒಣಗಿದ ಲಂಟಾನ, ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಎನ್ನುವ ಪೊದೆ, ಮೊಣಕಾಲೆತ್ತರದ ದರಕು, ಎಲ್ಲವೂ ದೊಡ್ಡಮ್ಮನ ಡಬ್ಬಿಯಷ್ಟೇ ಸಿದ್ಧವಾಗಿ ಒಂದು ಕಿಡಿಗೆ ಕಾಯುತ್ತವೆ. ಡಬ್ಬಿ ತುಂಬಲು ಬೆಟ್ಟಕ್ಕೆ ಹೋಗುವುದು ಅದೇ ಮಾರ್ಚ್, ಏಪ್ರಿಲ್ ತಿಂಗಳಲ್ಲಿ. ಆಗ ದೊಡ್ಡಮ್ಮ ಬೆಂಕಿಪೊಟ್ಟಣವನ್ನು ಮನೆಯ ಗೂಡಿನಲ್ಲೇ ಬಿಟ್ಟು ಹೊರಡುತ್ತಾರೆ. ಜೊತೆಗೆ ಬರುವ ಆಳುಗಳ ಬೀಡಿಯನ್ನೂ ಅಂಗಳದಲ್ಲೇ ಮುಗಿಸಲು ಹೇಳುತ್ತಾರೆ.

ಜುಲೈನ ಆ ಸಂಜೆ ಆಳುಗಳ ಬಟ್ಟೆ ಆರಿ, ಎರಡು ಸುತ್ತು ಟೀ ಆದ ಮೇಲೆ ಮಳೆ ತುಸು ಇಳಿಯಿತು. ದೊಡ್ಡಮ್ಮ ಒಲೆಗೆ ನೀರು ಚಿಮುಕಿಸಿ, ಬೂದಿ ಕೆದಕಿ, ಮತ್ತೆ ಚಿಮುಕಿಸಿ, ಅಂಗೈಯನ್ನು ಬೂದಿಯ ಮೇಲೆ ಇಟ್ಟು ನೋಡಿದರು. ಒಂದು ಕಡೆ ಇನ್ನೂ ಬೆಚ್ಚಗಿತ್ತು, ಮತ್ತೊಮ್ಮೆ ನೀರು ಬಿತ್ತು. ಅದಕ್ಕೂ ಮೊದಲೇ ಎರಡು ಕೆಂಡ ಹೆಕ್ಕಿ ತೆಂಗಿನ ಚಿಪ್ಪಿಗೆ ಹಾಕಿ, ಮೇಲೆ ಬೂದಿ ಮುಚ್ಚಿ, ಒಂದು ಎಳೆ ಸಿಪ್ಪೆ ಸಿಕ್ಕಿಸಿಟ್ಟಿದ್ದರು. ಬಚ್ಚಲ ಹಂಡೆಯ ಒಲೆಗೆ ಅದು. ಚಿಪ್ಪನ್ನು ಗೊರಬಿನೊಳಗೆ ಎದೆಗೆ ಹಿಡಿದು ಇಳಿಜಾರಿನಲ್ಲಿ ಅವರು ಮುಂದೆ, ನಾನು ಹಿಂದೆ. ಅರ್ಧ ದಾರಿಗೆ ಮಳೆ ಮತ್ತೆ ಹೊಯ್ಯಿತು. ಮನೆಯ ಹಿತ್ತಿಲ ಬಾಗಿಲಲ್ಲಿ ಬೂದಿ ಸರಿಸಿದಾಗ ಕೆಂಡ ಕೆಂಪಗೇ ಇತ್ತು.