ಸ್ತನ ಕ್ಯಾನ್ಸರ್ ಆಪರೇಷನ್: ಅನುಭವ ಕಲಿಸಿದ ಒಂಬತ್ತು ಪಾಠ

ಇಂದೂರ, ಮುಂಡಗೋಡ ಕಡೆ ಯಾವ ಹೆಣ್ಣುಮಗಳಿಗಾದರೂ ಎದೆಯಲ್ಲಿ ಗಂಟು ಕಂಡರೆ, "ಅಕ್ಕೋರ ಹತ್ರ ಒಮ್ಮೆ ಮಾತಾಡು" ಎಂದು ಯಾರಾದರೊಬ್ಬರು ನನ್ನ ನಂಬರ್ ಕೊಡುತ್ತಾರೆ. ನಾನು ಡಾಕ್ಟರಲ್ಲ, ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ಬಲ ಸ್ತನದ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಮೂರನ್ನೂ ಮುಗಿಸಿ ಮತ್ತೆ ಕೆಲಸಕ್ಕೆ ಬಂದಿದ್ದೇನೆ. ಫೋನಿನಲ್ಲಿ ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಈ ರೋಗದಲ್ಲಿ ಹೆದರಬೇಕಾದದ್ದು ಎರಡಕ್ಕೆ: ತಡ ಮಾಡುವುದಕ್ಕೆ ಮತ್ತು ಅರ್ಧಕ್ಕೆ ಬಿಡುವುದಕ್ಕೆ.

1. ನೋವಿಲ್ಲದ ಗಂಟನ್ನೂ ತೋರಿಸಿ

"ನೋವಿಲ್ಲಲ್ಲ, ಬಿಡು" ಎಂಬ ಮಾತಿನಿಂದಲೇ ನಮ್ಮಲ್ಲಿ ತಿಂಗಳುಗಟ್ಟಲೆ ಹೋಗುತ್ತದೆ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಗಂಟು, ಚರ್ಮದಲ್ಲಿ ಕುಳಿ, ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ ಆದ್ದರಿಂದ, ಹೌದೋ ಅಲ್ಲವೋ ಎಂದು ಪರೀಕ್ಷೆಯೇ ಹೇಳಲಿ.

2. ಸೂಜಿ ಚುಚ್ಚಿದರೆ ಹಬ್ಬುವುದಿಲ್ಲ

"ಕತ್ತರಿ ತಾಗಿದ್ರ ಮೈತುಂಬ ಹಬ್ಬತೈತಂತ" ಎಂದು ನೋಡಲು ಬಂದವರೆಲ್ಲ ಹೇಳುತ್ತಾರೆ. ಈ ಮಾತಿಗೆ ಆಧಾರವಿಲ್ಲ. ಬಯಾಪ್ಸಿಯಲ್ಲಿ ದಪ್ಪ ಸೂಜಿಯಿಂದ ಗಂಟಿನ ಚೂರು ತೆಗೆಯುತ್ತಾರೆ. ಅದು ಯಾವ ಬಗೆಯ ಕ್ಯಾನ್ಸರ್, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಗೊತ್ತಾಗುವುದು ಆ ಚೂರಿನಿಂದಲೇ. ಸೊಪ್ಪು ಅರೆದು ಕಟ್ಟಿಸಿಕೊಳ್ಳುತ್ತ ಕೂತರೆ ಗಂಟು ಬೆಳೆಯಲು ನಾವೇ ಸಮಯ ಕೊಟ್ಟಂತಾಗುತ್ತದೆ.

3. ಎಷ್ಟು ತೆಗೆಯುತ್ತೀರಿ ಎಂದು ಕೇಳಿ

ಕ್ಯಾನ್ಸರ್ ಎಂದರೆ ಇಡೀ ಸ್ತನ ತೆಗೆಯಲೇಬೇಕು ಎಂದೇನಿಲ್ಲ. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಸ್ತನದ ಜೊತೆ ಎದೆಯ ಸ್ನಾಯುವನ್ನೂ ತೆಗೆಯುವ ಕ್ರಮ ತಂದರು, ದಶಕಗಳ ಕಾಲ ಜಗತ್ತು ಅದನ್ನೇ ಪಾಲಿಸಿತು. ಇಟಲಿಯಲ್ಲಿ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಇದನ್ನು ಪ್ರಶ್ನಿಸಿದರು. ಗಂಟು ಚಿಕ್ಕದಿದ್ದಾಗ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುವ ಅವಕಾಶ ಅಷ್ಟೇ ಇರುತ್ತದೆ ಎಂದು 1980ರ ದಶಕದಲ್ಲಿ ಅವರ ಅಧ್ಯಯನಗಳು ತೋರಿಸಿಕೊಟ್ಟವು. ಗಂಟು ದೊಡ್ಡದಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸುವುದೂ ಉಂಟು. ನನಗೆ ಪೂರ್ತಿ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕಾಯಿತು. ಏಕೆ ಎಂದು ಡಾಕ್ಟರು ಚಿತ್ರ ಬರೆದು ತಿಳಿಸಿದರು. ತಿಳಿದ ಮೇಲೆ ಸಹಿ ಹಾಕಲು ಕೈ ನಡುಗಲಿಲ್ಲ.

4. ಕಾಗದಪತ್ರ ಮೊದಲು ಹೊಂದಿಸಿ

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನನ್ನಂಥ ಸರ್ಕಾರಿ ನೌಕರರಿಗೆ ಬೇರೆಯೇ ಆರೋಗ್ಯ ಯೋಜನೆ ಇದೆ. ಆಧಾರ್, ರೇಷನ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಒಂದೇ ಫೈಲಿನಲ್ಲಿರಲಿ. ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ. ಹುಬ್ಬಳ್ಳಿಯ ಕಿಮ್ಸ್ ಇರಲಿ, ನವನಗರದ ಕ್ಯಾನ್ಸರ್ ಆಸ್ಪತ್ರೆ ಇರಲಿ, ಬೆಂಗಳೂರಿನ ಕಿದ್ವಾಯಿ ಇರಲಿ, ಡಾಕ್ಟರು ಮೊದಲು ಕೇಳುವುದು ಹಳೆಯ ರಿಪೋರ್ಟನ್ನೇ.

5. ಆಪರೇಷನ್ ದಿನದ ಹೆದರಿಕೆ ಸಹಜ

ಸ್ತನ ಕ್ಯಾನ್ಸರಿನ ಆಪರೇಷನ್ನಿಗೂ ಅರಿವಳಿಕೆಗೂ ಹಳೆಯ ನಂಟು. ಜಪಾನಿನ ಹನಾವೊಕಾ ಸೇಯ್‌ಶು ಎಂಬ ವೈದ್ಯ 1804ರಲ್ಲಿ ಗಿಡಮೂಲಿಕೆಯ ಮದ್ದು ಕುಡಿಸಿ, ಮಲಗಿದ ರೋಗಿಯ ಸ್ತನದ ಗಡ್ಡೆ ತೆಗೆದ. 1811ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿ ಅರಿವಳಿಕೆಯೇ ಇಲ್ಲದೆ ಇದೇ ಆಪರೇಷನ್ ಮಾಡಿಸಿಕೊಂಡಳು, ಆಮೇಲೆ 28 ವರ್ಷ ಬದುಕಿದಳು. ನಮಗೆ ಅಷ್ಟು ಕಷ್ಟವಿಲ್ಲ. ನಿದ್ದೆ ಬರುತ್ತದೆ, ಎಚ್ಚರವಾಗುವಾಗ ಎಲ್ಲ ಮುಗಿದಿರುತ್ತದೆ.

ಥಿಯೇಟರಿಗೆ ಒಯ್ಯುವ ಮೊದಲು ಬಳೆ, ಮೂಗುಬೊಟ್ಟು, ತಾಳಿ, ಕಾಲುಂಗುರ ಎಲ್ಲ ತೆಗೆಸುತ್ತಾರೆ. ತಾಳಿ ತೆಗೆಯುವುದಕ್ಕೇ ಅಳುವವರಿದ್ದಾರೆ. ನಮ್ಮ ಅತ್ತೆ ಎಲ್ಲವನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡು, "ಜೀವ ಇದ್ರ ಎಲ್ಲಾ ಐತವಾ, ಹೋಗಿ ಬಾ" ಎಂದರು. ಮನೆಯ ಹಿರಿಯರಿಂದ ಇಂಥ ಒಂದು ಮಾತು ಬಂದರೆ ಸಾಕು.

6. ಡ್ರೇನಿಗೆ ಹೆದರಬೇಡಿ, ಲೆಕ್ಕ ಇಡಿ

ಡ್ರೇನಿನ ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಎಚ್ಚರವಾದಾಗ ಪಕ್ಕೆಯಿಂದ ಒಂದೋ ಎರಡೋ ನಳಿಗೆ ಹೊರಬಂದು ಪ್ಲಾಸ್ಟಿಕ್ ಬಾಟಲಿಗೆ ಸೇರಿರುತ್ತದೆ. ಗಾಯದೊಳಗೆ ಕೂಡುವ ನೀರು ಅದರಲ್ಲಿ ಇಳಿಯುತ್ತದೆ. ಮೊದಲು ಕೆಂಪಗಿದ್ದದ್ದು ದಿನ ಕಳೆದಂತೆ ತಿಳಿಯಾಗಿ ಹಳದಿಗೆ ತಿರುಗುತ್ತದೆ. ಬಾಟಲಿ ಖಾಲಿ ಮಾಡಿ, ಒತ್ತಿ ಗಾಳಿ ತೆಗೆದು ಮುಚ್ಚಬೇಕು. ಆಗ ಅದು ಉಬ್ಬುತ್ತ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಸಿಸ್ಟರ್ ಮಾಡುವಾಗ ಜೊತೆಗಿದ್ದವರು ನೋಡಿ ಕಲಿಯಲಿ, ಏಕೆಂದರೆ ಬಹಳ ಮಂದಿ ಡ್ರೇನ್ ಸಮೇತ ಊರಿಗೆ ಬರುತ್ತಾರೆ.

ದಿನಕ್ಕೆ ಎಷ್ಟು ಎಂ.ಎಲ್. ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸಾಮಾನ್ಯವಾಗಿ 30 ಎಂ.ಎಲ್.ಗಿಂತ ಕಡಿಮೆಯಾದಾಗ ತೆಗೆಯುತ್ತಾರೆ. ಇದ್ದಕ್ಕಿದ್ದಂತೆ ನೀರು ನಿಂತು ಗಾಯ ಉಬ್ಬಿದರೆ, ಜ್ವರ, ಕೀವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಬಾಟಲಿಗೆ ಹಳೆಯ ಸೀರೆಯ ಬಟ್ಟೆಯಲ್ಲಿ ಉದ್ದ ದಾರದ ಚೀಲ ಹೊಲಿದು ಹೆಗಲಿಗೆ ಹಾಕಿಕೊಳ್ಳಿ. ಮುಂದೆ ಗುಂಡಿ ಇರುವ ಸಡಿಲ ನೈಟಿ ಒಯ್ಯಿರಿ, ಕೈ ಎತ್ತಿ ಹಾಕುವ ಬಟ್ಟೆ ಆಗ ನಡೆಯುವುದಿಲ್ಲ.

7. ಕೈಯನ್ನು ಜೀವಮಾನವಿಡೀ ಕಾಯಬೇಕು

ನೋವಿಗೆ ಹೆದರಿ ಆಪರೇಷನ್ ಆದ ಬದಿಯ ಕೈಯನ್ನು ಎದೆಗೆ ಒತ್ತಿಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ. ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು ಬೇಗ ಶುರುವಾಗುತ್ತದೆ. ಡಾಕ್ಟರು ಹೇಳಿದ ಮೇಲೆ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಬೇಕು. ನಾನು ಮುಟ್ಟಿದ ಎತ್ತರಕ್ಕೆ ದಿನವೂ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಗೆರೆ ಏರುವುದು ನಿಧಾನ, ಆದರೆ ಏರುತ್ತದೆ. ಮೇಲ್ದೋಳಿನ ಒಳಬದಿ ಜೋಮು ಹಿಡಿದಂತಿರುವುದು ಬಹಳ ದಿನ ಉಳಿಯಬಹುದು. ಅದಕ್ಕೆ ಗಾಬರಿ ಬೇಡ.

ಕಂಕುಳಿನ ಗ್ರಂಥಿ ತೆಗೆದ ಮೇಲೆ ಆ ಕೈಯಲ್ಲಿ ನೀರು ತುಂಬಿ ಬಾವು ಬರಬಹುದು, ವರ್ಷಗಳ ನಂತರವೂ ಬರಬಹುದು. ಬಿ.ಪಿ. ನೋಡುವುದು, ಇಂಜೆಕ್ಷನ್, ರಕ್ತ ತೆಗೆಯುವುದು ಆದಷ್ಟೂ ಇನ್ನೊಂದು ಕೈಯಲ್ಲಿ ಆಗಲಿ. ನಮ್ಮ ಕಡೆಯವರಿಗೆ ಮುಖ್ಯವಾದದ್ದು ಹೊಲದ ಕೆಲಸ. ಗೋವಿನಜೋಳದ ಗರಿ ಕೊಯ್ದರೂ, ಕುಡಗೋಲು ತಾಗಿದರೂ, ಮುಳ್ಳು ಚುಚ್ಚಿದರೂ ನಂಜಾಗಬಹುದು. ಗ್ಲೌಸ್ ಹಾಕಿ. ಬಿಗಿ ಬಳೆ ಬೇಡ. ಗಾಯವಾದರೆ ಕೂಡಲೇ ತೊಳೆದು ಮದ್ದು ಹಚ್ಚಿ. ಬಾವು ಕಂಡರೆ ಅದೇ ವಾರ ತೋರಿಸಿ.

8. ಕನ್ನಡಿಗೆ ಬೆನ್ನು ತಿರುಗಿಸಬೇಡಿ

ಡ್ರೆಸ್ಸಿಂಗ್ ಬಿಚ್ಚುವಾಗ ಗಾಯವನ್ನು ನೋಡಿ, ಗಂಡನಿಗೂ ತೋರಿಸಿ. ಮುಚ್ಚಿಟ್ಟಷ್ಟೂ ಮನಸ್ಸು ಭಾರವಾಗುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ ಒಳಉಡುಪಿನಲ್ಲಿ ಇಡುವ ಸಿಲಿಕಾನ್ ಸ್ತನ ಸಿಗುತ್ತದೆ. ಹತ್ತಿಯಿಂದ ಮಾಡಿದ ಹಗುರವಾದದ್ದೂ ನಡೆಯುತ್ತದೆ. ಏನೂ ಇಡದೆ ಹೋಗುವುದೂ ನಿಮ್ಮ ಇಷ್ಟ.

9. ಆಪರೇಷನ್ ಆಯಿತೆಂದು ನಿಲ್ಲಿಸಬೇಡಿ

ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸುತ್ತಾರೆ. ಗಂಟಿನ ಅಳತೆ, ಎಷ್ಟು ಗ್ರಂಥಿಗೆ ತಾಗಿದೆ, ಇಆರ್, ಪಿಆರ್ ಎಂಬ ಹಾರ್ಮೋನ್ ಗ್ರಾಹಕಗಳು, ಹರ್2 ಎಂಬ ಪ್ರೋಟೀನ್ ಇವೆಯೇ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿರ್ಧಾರವಾಗುತ್ತದೆ. ಹಾರ್ಮೋನ್ ಮಾತ್ರೆ ಬೇಕಾದವರು ದಿನವೂ, ಕನಿಷ್ಠ 5 ವರ್ಷ ನುಂಗಬೇಕು. ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಮೂರರಿಂದ ಐದು ವಾರ. ನಮ್ಮ ತಾಲ್ಲೂಕಿನಲ್ಲಿ ಆ ಯಂತ್ರ ಇಲ್ಲ. ಮುಂಡಗೋಡದಿಂದ ಹುಬ್ಬಳ್ಳಿ ಸುಮಾರು 50 ಕಿ.ಮೀ. "ಇಷ್ಟ್ ಆತಲ್ಲ, ಸಾಕು" ಎಂದು ಜನ ಬಿಟ್ಟುಬಿಡುವುದು ಈ ಹಂತದಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತವಾಗಿದೆ. ಚಾರ್ಜಿನ ನೆಪ ಈಗ ಉಳಿದಿಲ್ಲ. ಹುಬ್ಬಳ್ಳಿಯಲ್ಲಿ ಬಂಧುಗಳಿದ್ದರೆ ಆ ವಾರಗಳ ಮಟ್ಟಿಗೆ ಅವರ ಮನೆಯಲ್ಲಿ ಉಳಿಯಲು ಸಂಕೋಚ ಬೇಡ.

ಕೊನೆಯದಾಗಿ ಊರಿನ ಗಂಡಸರಲ್ಲಿ ಒಂದು ವಿನಂತಿ. ಹೆಂಡತಿ, ಅವ್ವ, ಅಕ್ಕ-ತಂಗಿ ಯಾರೇ ಆಗಲಿ, ಗಂಟಿದೆ ಎಂದು ಬಾಯಿಬಿಡಲು ಆಕೆಗೆ ಬಹಳ ಧೈರ್ಯ ಬೇಕಾಗಿರುತ್ತದೆ. "ಸುಗ್ಗಿ ಮುಗೀಲಿ" ಎನ್ನಬೇಡಿ. ಮರುದಿನ ಬೆಳಗಿನ ಬಸ್ಸಿಗೆ ಆಕೆಯ ಜೊತೆ ನೀವೂ ಹತ್ತಿ.