ಅಧಿಕಾರ ಎಲ್ಲಿದೆಯೋ ಹೊಣೆಯೂ ಅಲ್ಲಿರಲಿ

ಉತ್ತರಹಳ್ಳಿ, ಬೆಂಗಳೂರು

ಮೊದಲ ಸಲ ಮ್ಯಾನೇಜರ್ ಆಗಿರುವ ಮಗಳಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಕೈಕೆಳಗಿನವರನ್ನು ಪ್ರೀತಿಯಿಂದ ನೋಡಿಕೋ ಎಂದು ಹೇಳುವವರು ನಿನಗೆ ಬೇಕಾದಷ್ಟು ಸಿಗುತ್ತಾರೆ. ನಾನು ಅದಕ್ಕಿಂತ ಮುಂಚಿನ ಮಾತು ಹೇಳುತ್ತೇನೆ. ಯಾವ ಕೆಲಸಕ್ಕೆ ಯಾರು ಹೊಣೆ, ಅದರಲ್ಲಿ ತೀರ್ಮಾನ ಯಾರದು, ಇದನ್ನು ಮೊದಲು ಗೊತ್ತುಮಾಡು. ಇವೆರಡೂ ಬೇರೆ ಬೇರೆಯವರ ಕೈಯಲ್ಲಿದ್ದರೆ ಎಷ್ಟು ಒಳ್ಳೆಯವರು ಸೇರಿದರೂ ಸಂಸ್ಥೆ ಕುಂಟುತ್ತದೆ.

ನಮ್ಮ ರಸ್ತೆಯನ್ನೇ ನೋಡು. ಡಾಂಬರು ಹಾಕುವುದು ಪಾಲಿಕೆ. ಪೈಪಿಗೆಂದು ಅಗೆಯುವುದು ಜಲಮಂಡಳಿ, ವಿದ್ಯುತ್ ಕೇಬಲ್ಲಿಗೆಂದು ಅಗೆಯುವುದು ಬೆಸ್ಕಾಂ. 1964ರಲ್ಲಿ ಹುಟ್ಟಿದ ಜಲಮಂಡಳಿಯೂ 2002ರಲ್ಲಿ ಹುಟ್ಟಿದ ಬೆಸ್ಕಾಮೂ ರಾಜ್ಯ ಸರ್ಕಾರದ ಸಂಸ್ಥೆಗಳು. ಆ ಸಂಸ್ಥೆಗಳಿಗೆ ಮೇಯರ್ ಆಜ್ಞೆ ಮಾಡುವಂತಿಲ್ಲ. ಪಾಲಿಕೆಯೊಳಗೂ ನಿರ್ಣಯ ಕೌನ್ಸಿಲ್‌ನದು, ಜಾರಿ ಆಯುಕ್ತರದು. ಆ ಆಯುಕ್ತರನ್ನು ಕಳಿಸುವುದು ಸರ್ಕಾರ. ಮೇಯರ್ ಅವಧಿ ಬಹುಕಾಲ ಒಂದೇ ವರ್ಷವಿತ್ತು. ಕಡತ ಸಾಗುವ ದಾರಿ ತಿಳಿಯುವಷ್ಟರಲ್ಲಿ ಗೌನು ಕಳಚಬೇಕಿತ್ತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಲ್ಲಿ ಅದು 30 ತಿಂಗಳಾಗಿದೆ, 2025ರಲ್ಲಿ ಒಂದು ಪಾಲಿಕೆ ಐದಾಗಿದೆ. ಆದರೆ 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗುಂಡಿ ಬಿದ್ದರೆ ಯಾರನ್ನು ಕೇಳಬೇಕೆಂದು ತಿಳಿಯದ ಜನರನ್ನು ನಾನು ದಿನವೂ ನೋಡಿದ್ದೇನೆ.

ಇಬ್ಬರು ಯಜಮಾನರ ಕೈಕೆಳಗಿರುವ ಕಷ್ಟ ಇದಕ್ಕಿಂತ ಕೆಟ್ಟದ್ದು. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು ಬಹಳ ವರ್ಷ ಗುತ್ತಿಗೆಯಲ್ಲಿದ್ದರು. ಕೆಲಸ ಹೇಳುವವರು ಪಾಲಿಕೆಯವರು, ಸಂಬಳ ಕೊಡುವವರು ಗುತ್ತಿಗೆದಾರರು. ಸಂಬಳ ತಡವಾದರೆ ಇವರು ಅವರತ್ತ, ಅವರು ಇವರತ್ತ ಬೆರಳು ತೋರುತ್ತಿದ್ದರು. ಹೋರಾಟ ಮಾಡಿಯೇ ಕಾರ್ಮಿಕರು ಪಾಲಿಕೆಯಿಂದ ನೇರ ಸಂಬಳ ಪಡೆದರು. 2025ರ ಮೇ 1ರಂದು ಸಾವಿರಾರು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ನಿನ್ನ ಆಫೀಸಿನ ಹೌಸ್‌ಕೀಪಿಂಗ್‌ನವರೂ ಸೆಕ್ಯುರಿಟಿಯವರೂ ಏಜೆನ್ಸಿಯವರೇ ಆಗಿದ್ದರೆ, ಅವರ ರಜೆ, ಪಿಎಫ್, ಸಂಬಳದ ಮಾತಿಗೆ ನಿಮ್ಮಲ್ಲಿ ಯಾರು ಉತ್ತರಿಸುತ್ತಾರೆಂದು ಮೊದಲ ವಾರವೇ ವಿಚಾರಿಸು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಕೆಳಗಿನವರನ್ನು ಬೈಯುವುದು ಸುಲಭ. ವರ ಕೊಡುವ ಅಧಿಕಾರ ಪೂಜಾರಿಯವರೆಗೆ ಇಳಿದಿದೆಯೇ ಎಂದು ಕೇಳುವವರು ಕಡಿಮೆ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಂಪು ಖಾಲಿಯಾದರೆ ಎಲ್ಲರೂ ಕೂಗಾಡುವುದು ಸೂಪರ್‌ವೈಸರ್ ಮೇಲೆ. ಟ್ಯಾಂಕರ್ ತರಿಸಲು ಖಜಾಂಚಿ ಹ್ಞೂಂ ಅನ್ನಬೇಕು, ಅವರು ಫೋನ್ ಎತ್ತುವುದಿಲ್ಲ. 'ತಿಂಗಳಿಗೆ ಇಷ್ಟು ಟ್ಯಾಂಕರ್ ನೀವೇ ತರಿಸಿ, ಲೆಕ್ಕ ಬರೆದಿಡಿ' ಎಂದು ಮೊದಲೇ ಹೇಳಿದ್ದರೆ ಆ ಮನುಷ್ಯನಿಗೆ ಮರ್ಯಾದೆಯೂ ಉಳಿಯುತ್ತಿತ್ತು, ಮನೆಗಳಿಗೆ ನೀರೂ ಬರುತ್ತಿತ್ತು.

ಇನ್ನೊಂದು ಮಾತು, ಲೆಕ್ಕ ಕೇಳುವವರ ಬಗ್ಗೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ನಮ್ಮ ಸಹಕಾರ ಚಳವಳಿಗೆ ಬುನಾದಿ ಬಿತ್ತು. ಸಹಕಾರ ಸಂಘದ ಕ್ರಮ ಎಂಥದು ನೋಡು: ಸದಸ್ಯರು ನಿರ್ದೇಶಕರನ್ನು ಆರಿಸುತ್ತಾರೆ, ನಿರ್ದೇಶಕರು ತೀರ್ಮಾನಿಸುತ್ತಾರೆ, ಸಂಬಳದ ಕಾರ್ಯದರ್ಶಿ ನಡೆಸುತ್ತಾರೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಯಾವ ರೈತನಾದರೂ ಎದ್ದುನಿಂತು ಲೆಕ್ಕ ಕೇಳಬಹುದು. ಆ ಪ್ರಶ್ನೆ ನಿಂತರೆ ಸಂಘ ಕೆಡುವುದು ಸುಲಭ. ನಿನ್ನನ್ನೂ ಕೇಳುವವರಿರಲಿ, ಅದಕ್ಕೆಂದು ತಿಂಗಳಲ್ಲಿ ಒಂದು ದಿನ ಇಡು.

ಈ ವಾರವೇ ಒಂದು ಹಾಳೆ ತೆಗೆದುಕೊಂಡು ನಿಮ್ಮ ಕೆಲಸಗಳನ್ನೆಲ್ಲ ಬರೆ. ಪ್ರತಿಯೊಂದರ ಎದುರು ಮಾಡುವವರು, ತೀರ್ಮಾನಿಸುವವರು, ಅವರು ರಜೆಯಲ್ಲಿದ್ದರೆ ನೋಡಿಕೊಳ್ಳುವವರು, ಮೂರು ಹೆಸರಿರಲಿ. ತೀರ್ಮಾನದ ಕಡೆಯೆಲ್ಲ ನಿನ್ನ ಹೆಸರೇ ಬಂದರೆ ಅರ್ಧವನ್ನು ಬಿಟ್ಟುಕೊಡು. ಬಿಟ್ಟುಕೊಟ್ಟದ್ದರಲ್ಲಿ ತಪ್ಪಾದಾಗ ಮೇಲಿನವರೆದುರು ನೀನೇ ನಿಲ್ಲು. ನಿನ್ನ ಜನ ನಿನ್ನನ್ನು ನಂಬುವುದು ಅದರಿಂದ.

ಇತಿ,
ನಿನ್ನ ದೊಡ್ಡಪ್ಪ